ಜಗಳ ಬಗೆಹರಿಸುವುದನ್ನು ಕಲಿಸುವ ಪಾಠಗಳು: ಮುಕ್ತವಾಗಿ ಹಂಚುವ ಮೊದಲು ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ತಮ್ಮ ತಮ್ಮಲ್ಲಿನ ಜಗಳಗಳನ್ನು ತಾವೇ ಕುಳಿತು ಮಾತಾಡಿ ಬಗೆಹರಿಸಿಕೊಳ್ಳುವುದನ್ನು ಕಲಿಸಬೇಕೆಂದು, ಕಳೆದ ಮೂರು ವರ್ಷಗಳಲ್ಲಿ ನಾನು ಮತ್ತು ಅಕ್ಕಪಕ್ಕದ ಶಾಲೆಗಳ ಇಬ್ಬರು ಸಹೋದ್ಯೋಗಿಗಳು ಸೇರಿ ಹನ್ನೊಂದು ಪಾಠಗಳನ್ನು ಸಿದ್ಧಪಡಿಸಿದ್ದೇವೆ. ಒಂದೊಂದು ಪಾಠವೂ ಒಂದು ಅವಧಿಯಲ್ಲಿ ಮುಗಿಯುವಂತಿದೆ. ಇವುಗಳನ್ನು ಈಗ ಬೇರೆ ಶಿಕ್ಷಕರಿಗೂ ಮುಕ್ತವಾಗಿ ಕೊಡಬೇಕೆಂಬ ಆಸೆ ನಮ್ಮದು.

ಈ ಪಾಠಗಳು ಎಂಥವು ಎಂಬುದು ತಿಳಿಯಲೆಂದು ಒಂದನ್ನು ಸ್ವಲ್ಪ ವಿವರಿಸುತ್ತೇನೆ. ನಮ್ಮಲ್ಲಿ ಬಿಸಿಯೂಟ ಮುಗಿದ ಮೇಲೆ ತಟ್ಟೆ ತೊಳೆಯುವ ಜಾಗದಲ್ಲಿ ನಾಲ್ಕು ನಲ್ಲಿಗಳಿವೆ, ಎರಡರಲ್ಲಿ ಮಾತ್ರ ನೀರು ಬರುತ್ತದೆ. ಒಂಬತ್ತನೆಯ ತರಗತಿಯವರು ಮೊದಲು ನಾವೇ ತೊಳೆಯುವುದು ಎಂದು ನುಗ್ಗುವುದು, ಎಂಟನೆಯವರು ತಳ್ಳುವುದು ದಿನದ ಮಾತಾಗಿತ್ತು. ಒಂದು ದಿನ ತಟ್ಟೆಯ ಅಂಚು ತಗುಲಿ ಒಬ್ಬಳ ಹುಬ್ಬಿನ ಮೇಲೆ ಗಾಯವಾಯಿತು. ಮರುದಿನ ತರಗತಿಯಲ್ಲಿ ನಾನು ಯಾರನ್ನೂ ಬೈಯದೆ, ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮೊದಲು ತಮ್ಮ ಮಾತಿನಲ್ಲಿ ತಿರುಗಿ ಹೇಳಿ, ಆಮೇಲಷ್ಟೇ ಉತ್ತರ ಕೊಡಬೇಕೆಂಬ ನಿಯಮ ಹಾಕಿದೆ. ಮೂರು ಸುತ್ತು ಆಗುವಷ್ಟರಲ್ಲಿ ಒಬ್ಬ ಹುಡುಗ ಹೇಳಿದ ಮಾತು ನನ್ನನ್ನು ಬೆರಗುಗೊಳಿಸಿತು: ತಟ್ಟೆ ತೊಳೆಯುವುದು ತಡವಾದರೆ ಮೈದಾನದಲ್ಲಿ ವಾಲಿಬಾಲ್ ಅಂಕಣ ಬೇರೆಯವರ ಪಾಲಾಗುತ್ತದೆ, ಅದಕ್ಕೇ ನಾವು ನುಗ್ಗುವುದು ಎಂದ. ಜಗಳ ನಲ್ಲಿಯ ಮುಂದೆ ನಡೆಯುತ್ತಿತ್ತು, ಆದರೆ ಅದು ನೀರಿಗಾಗಿ ಆಗಿರಲೇ ಇಲ್ಲ. ಅಂಕಣವನ್ನು ದಿನ ಬಿಟ್ಟು ದಿನ ಹಂಚಿಕೊಂಡ ಮೇಲೆ ನಲ್ಲಿಯ ಬಳಿಯ ನೂಕುನುಗ್ಗಲು ತಾನಾಗಿ ಕಡಿಮೆಯಾಯಿತು.

ಉಳಿದ ಪಾಠಗಳೆಲ್ಲ ಹೀಗೆ ನಮ್ಮ ಅನುಭವದಿಂದಲೇ ಬಂದವಲ್ಲ. ಒಂದರಲ್ಲಿ, ಕಿತ್ತಳೆ ಹಣ್ಣಿಗಾಗಿ ಜಗಳವಾಡುವ ಇಬ್ಬರಲ್ಲಿ ಒಬ್ಬರಿಗೆ ರಸವೂ ಇನ್ನೊಬ್ಬರಿಗೆ ಸಿಪ್ಪೆಯೂ ಬೇಕಿದ್ದ ಪ್ರಸಿದ್ಧ ಕಥೆಯಿದೆ. ಇನ್ನೊಂದರಲ್ಲಿ, ಜಗಳ ಬಂದಾಗ ನಾವು ನಡೆದುಕೊಳ್ಳುವ ಐದು ಬಗೆಗಳನ್ನು ಗುರುತಿಸುವ ಇಂಗ್ಲಿಷ್ ಪ್ರಶ್ನಾವಳಿಯನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದಿದ್ದೇವೆ. ಮತ್ತೊಂದು ಪಾಠ ಒಂದು ಸಂಸ್ಥೆಯ ಕೈಪಿಡಿಯ ಅನುವಾದ. ಆ ಕೈಪಿಡಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಇವನ್ನೆಲ್ಲ ಒಟ್ಟಾಗಿ ಪ್ರಕಟಿಸಬಹುದೇ, ಯಾವ ಪರವಾನಗಿ ಹಾಕಬೇಕು, ಎಲ್ಲಿ ಇಟ್ಟರೆ ಬೇರೆ ಊರಿನ ಶಿಕ್ಷಕರು ತಮ್ಮ ಶಾಲೆಗೆ ತಕ್ಕಂತೆ ಬದಲಿಸಿಕೊಳ್ಳಲು ಅನುಕೂಲವಾಗುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವರು, ಧಾರವಾಡ

ನಿಮ್ಮ ನಲ್ಲಿಯ ಪಾಠವನ್ನು ಎರಡು ಬಾರಿ ಓದಿದೆ. ಇಂಥದ್ದು ಹೊರಗೆ ಬರಲೇಬೇಕು. ಹಕ್ಕುಗಳ ವಿಷಯವನ್ನು ಮಾತ್ರ ಮೊದಲೇ ಸರಿಪಡಿಸಿಕೊಳ್ಳಿ, ಏಕೆಂದರೆ ಒಂದು ಪಾಠದ ತೊಡಕಿನಿಂದ ಹನ್ನೊಂದನ್ನೂ ಕೆಳಗಿಳಿಸಬೇಕಾಗಿ ಬಂದರೆ ಅದು ದೊಡ್ಡ ನಷ್ಟ.

ಉಚಿತವಾಗಿ ಸಿಗುವುದೆಲ್ಲ ಮುಕ್ತವಲ್ಲ. ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು 2002ರಲ್ಲಿ ಯುನೆಸ್ಕೊ ನಡೆಸಿದ ಸಭೆಯಲ್ಲಿ ಬಳಕೆಗೆ ಬಂತು, 2019ರಲ್ಲಿ ಅದೇ ಯುನೆಸ್ಕೊ ಈ ಕುರಿತು ಸದಸ್ಯ ರಾಷ್ಟ್ರಗಳಿಗೆ ಶಿಫಾರಸನ್ನೂ ಅಂಗೀಕರಿಸಿತು. ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೆಯದರೊಡನೆ ಬೆರೆಸುವುದು, ಮತ್ತೆ ಹಂಚುವುದು, ಈ ಎಲ್ಲಕ್ಕೂ ಮೊದಲೇ ಅನುಮತಿ ಕೊಟ್ಟಿದ್ದರೆ ಮಾತ್ರ ಅದು ಮುಕ್ತ. ನೀವು ಹೇಳಿದ ಕೈಪಿಡಿಯ ಒಳಪುಟದಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಕೃತಿಯನ್ನು ಯಾವ ಷರತ್ತಿನ ಮೇಲೆ ಬಳಸಬಹುದೆಂದು ಮೊದಲೇ ಹೇಳುವ ಸಿದ್ಧ ಪರವಾನಗಿ) ಉಲ್ಲೇಖವಿದೆಯೇ ಎಂದು ನೋಡಿ. ಏನೂ ಇಲ್ಲದಿದ್ದರೆ ಎಲ್ಲ ಹಕ್ಕುಗಳೂ ಅವರವೇ ಎಂದು ತಿಳಿಯಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಪಾಠ ಹೇಳುವ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಯಾವುದೇ ಕೃತಿಯ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ದೆಹಲಿ ಉಚ್ಚ ನ್ಯಾಯಾಲಯವೂ 2016ರಲ್ಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ ಇದನ್ನು ಉದಾರವಾಗಿಯೇ ಅರ್ಥೈಸಿತು. ಆದ್ದರಿಂದ ನೀವು ನಿಮ್ಮ ತರಗತಿಯಲ್ಲಿ ಆ ಅನುವಾದವನ್ನು ಬಳಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನೇ ನಿಮ್ಮ ಪರವಾನಗಿ ಹಚ್ಚಿ ಲೋಕಕ್ಕೆಲ್ಲ ಹಂಚುವುದಕ್ಕೆ ಆ ಕಲಂ ರಕ್ಷಣೆ ಕೊಡುವುದಿಲ್ಲ.

ಐದು ಬಗೆಗಳ ಪ್ರಶ್ನಾವಳಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದು 1974ರಲ್ಲಿ ಥಾಮಸ್ ಮತ್ತು ಕಿಲ್ಮನ್ ಎಂಬ ಇಬ್ಬರು ರೂಪಿಸಿದ್ದಾಗಿದ್ದರೆ, ಇಂದಿಗೂ ಹಣಕ್ಕೆ ಮಾರಾಟವಾಗುವ ಸಾಧನ, ಅದರ ಪ್ರಶ್ನೆಗಳನ್ನು ಅನುಮತಿಯಿಲ್ಲದೆ ಅನುವಾದಿಸಿ ಪ್ರಕಟಿಸುವಂತಿಲ್ಲ. ಹಾಗೆಂದು ಸೆಣಸುವುದು, ಬಿಟ್ಟುಕೊಡುವುದು, ದೂರ ಸರಿಯುವುದು, ಅರ್ಧರ್ಧ ಮಾಡಿಕೊಳ್ಳುವುದು, ಕೂಡಿ ದಾರಿ ಹುಡುಕುವುದು ಎಂಬ ವಿಂಗಡಣೆ ಯಾರ ಸ್ವತ್ತೂ ಅಲ್ಲ. ಕಾನೂನು ಕಾಯುವುದು ಬರೆದ ಮಾತನ್ನು, ಅದರ ಹಿಂದಿನ ವಿಚಾರವನ್ನಲ್ಲ. ಐದನ್ನೂ ನಿಮ್ಮ ಮಾತಿನಲ್ಲಿ, ನಿಮ್ಮ ಮಕ್ಕಳ ಉದಾಹರಣೆಗಳೊಡನೆ ಹೊಸದಾಗಿ ಬರೆಯಿರಿ. ಕಿತ್ತಳೆಯ ಕಥೆಗೂ ಇದೇ ಮಾತು ಅನ್ವಯಿಸುತ್ತದೆ.

ಇವುಗಳ ಜಾಗದಲ್ಲಿ ಬಳಸಬಹುದಾದ, ನನಗೆ ಬಹಳ ಇಷ್ಟವಾದ ಒಂದು ಮೂಲವನ್ನು ಸೂಚಿಸುತ್ತೇನೆ. ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಚಿಂತಕಿ 1925ರಲ್ಲಿ ಸಂಘರ್ಷವನ್ನು ಕುರಿತು ಒಂದು ಉಪನ್ಯಾಸ ಕೊಟ್ಟರು. ಅದರಲ್ಲಿ ಅವರು ಹಾರ್ವರ್ಡ್ ಗ್ರಂಥಾಲಯದ ಚಿಕ್ಕ ಕೋಣೆಯೊಂದರಲ್ಲಿ ನಡೆದದ್ದನ್ನು ಹೇಳುತ್ತಾರೆ. ಒಬ್ಬರಿಗೆ ಕಿಟಕಿ ತೆರೆದಿರಬೇಕಿತ್ತು, ಫಾಲೆಟ್ ಅವರಿಗೆ ಮುಚ್ಚಿರಬೇಕಿತ್ತು. ಕೊನೆಗೆ ಯಾರೂ ಕೂತಿರದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ಆ ಇನ್ನೊಬ್ಬರಿಗೆ ಬೇಕಿದ್ದುದು ಗಾಳಿ, ಫಾಲೆಟ್ ಅವರಿಗೆ ಬೇಡವಾಗಿದ್ದುದು ನೇರವಾಗಿ ಮೈಗೆ ಬಡಿಯುವ ಗಾಳಿ. ಇಲ್ಲಿ ಯಾರೂ ಸೋಲಲಿಲ್ಲ, ಅರ್ಧ ಕಿಟಕಿ ತೆರೆದು ಇಬ್ಬರೂ ಗೊಣಗಿಕೊಳ್ಳುವ ಹಾಗೂ ಆಗಲಿಲ್ಲ. ಫಾಲೆಟ್ ತೀರಿಕೊಂಡದ್ದು 1933ರಲ್ಲಿ. ಲೇಖಕರ ನಿಧನಾನಂತರ 60 ವರ್ಷ ಎಂಬ ನಮ್ಮ ಕಾನೂನಿನ ಲೆಕ್ಕದಲ್ಲಿ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳ ಕೃತಿಸ್ವಾಮ್ಯ ಭಾರತದಲ್ಲಿ 1993ರ ಕೊನೆಗೇ ಮುಗಿದಿದೆ. ನೀವು ಧೈರ್ಯವಾಗಿ ಅನುವಾದಿಸಬಹುದು.

ಪರವಾನಗಿಯ ಪ್ರಶ್ನೆಗೆ ಬಂದರೆ, ನನ್ನ ಒಲವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿ ಸಿಸಿ ಬಿವೈ ಎಸ್‌ಎ 4.0 ಕಡೆಗೆ. ಹೆಸರು ಹೇಳಬೇಕು, ಬದಲಿಸಿದ್ದನ್ನೂ ಇದೇ ಷರತ್ತಿನ ಮೇಲೆ ಹಂಚಬೇಕು ಎಂಬುದು ಅದರ ತಾತ್ಪರ್ಯ, ವಿಕಿಪೀಡಿಯ ಬಳಸುವುದೂ ಅದನ್ನೇ. ಬದಲಾವಣೆ ಕೂಡದು ಎಂಬ ಎನ್‌ಡಿ ಷರತ್ತನ್ನು ಮಾತ್ರ ದಯವಿಟ್ಟು ಹಾಕಬೇಡಿ, ಹಾಕಿದರೆ ಮಂಗಳೂರಿನವರು ತುಳುವಿಗೆ ತಂದು ಹಂಚುವಂತಿಲ್ಲ, ಕಲಬುರಗಿಯವರು ಉರ್ದು ಮಾಧ್ಯಮದ ಶಾಲೆಗೆ ಒಗ್ಗಿಸಿ ಹಂಚುವಂತಿಲ್ಲ. ವಾಣಿಜ್ಯ ಬಳಕೆ ಕೂಡದು ಎಂಬ ಷರತ್ತು ಮೇಲ್ನೋಟಕ್ಕೆ ನ್ಯಾಯವೆನಿಸಿದರೂ, ಜಿಲ್ಲಾ ಕೇಂದ್ರದ ಚಿಕ್ಕ ಮುದ್ರಕರೊಬ್ಬರು ಖರ್ಚಿನ ಮೇಲೆ ನಾಲ್ಕು ರೂಪಾಯಿ ಇಟ್ಟು ಅಚ್ಚು ಹಾಕಿಕೊಡುವುದಕ್ಕೂ ಅಡ್ಡಿಯಾಗುತ್ತದೆ.

ಮತ್ತೊಂದು ಮಾತನ್ನು ಬಹಳ ಜನ ಮರೆಯುತ್ತಾರೆ. ನೀವು ಸರ್ಕಾರಿ ಶಿಕ್ಷಕಿ. ಕೆಲಸದ ಭಾಗವಾಗಿ ರಚಿಸಿದ್ದರ ಮೊದಲ ಹಕ್ಕು ಅದೇ ಕಾಯ್ದೆಯ 17ನೆಯ ಕಲಂ ಪ್ರಕಾರ ನೇಮಿಸಿಕೊಂಡವರದು ಎಂಬ ವಾದಕ್ಕೆ ಎಡೆಯಿದೆ. ಮೇಲಧಿಕಾರಿಗಳಿಂದ ಒಂದು ಪುಟದ ಲಿಖಿತ ಒಪ್ಪಿಗೆ ಪಡೆದಿಡಿ.

ಉತ್ತರ 2: ಮಧ್ಯಸ್ಥಿಕೆಗಾರರು, ಬೆಂಗಳೂರು

ನಾನು ವೃತ್ತಿಯಿಂದ ಮಧ್ಯಸ್ಥಿಕೆಗಾರ. ವಾರದಲ್ಲಿ ಒಂದು ದಿನ ಶಾಲೆಗಳಿಗೆ ಹೋಗುತ್ತೇನೆ. ಹಿಂದಿನವರು ಕಾನೂನನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಪಾಠದ ಒಳಗಿನ ಸಂಗತಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಪಾಠವನ್ನು ನೀವು ಕಲಿಸುವಾಗ ನಿಮ್ಮ ವಿವೇಕವೂ ಜೊತೆಗಿರುತ್ತದೆ, ಅದೇ ಪಾಠ ಅಪರಿಚಿತರ ಕೈಗೆ ಹೋದಾಗ ಬರೆದಷ್ಟು ಮಾತ್ರ ಹೋಗುತ್ತದೆ.

ಮೊದಲನೆಯದಾಗಿ, ಎಲ್ಲವೂ ಜಗಳವಲ್ಲ. ಎರಡು ಕೈ ಸೇರಿದರೇ ಚಪ್ಪಾಳೆ ಎಂಬ ಗಾದೆಯನ್ನು ಶಾಲೆಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಬ್ಬನನ್ನು ನಾಲ್ವರು ದಿನವೂ ಕಾಡಿಸುತ್ತಿದ್ದರೆ ಅಲ್ಲಿ ಎರಡನೆಯ ಕೈ ಇಲ್ಲ. ಒಂದು ಮಗು ಮುಟ್ಟಿದ ತಟ್ಟೆಯನ್ನು ಇನ್ನೊಂದು ಮಗು ಮುಟ್ಟುವುದಿಲ್ಲ ಎಂದರೆ ಅದು ಇಬ್ಬರ ನಡುವಿನ ಭಿನ್ನಾಭಿಪ್ರಾಯವಲ್ಲ, ಅಸ್ಪೃಶ್ಯತೆ. ಅದರಲ್ಲಿ ರಾಜಿ ಮಾಡಿಸುವುದೆಂದರೆ ನೊಂದ ಮಗುವಿಗೆ ಹೊಂದಿಕೊಂಡು ಹೋಗು ಎಂದು ಹೇಳಿದಂತೆ. ಅಂಥ ಪ್ರಸಂಗಗಳಿಗೆ ಸಂವಿಧಾನದ 17ನೆಯ ವಿಧಿಯೂ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇವೆ. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರಂತೂ 2012ರ ಪೋಕ್ಸೋ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಈ ಎಲ್ಲೆಯನ್ನು ಪ್ರತಿ ಪಾಠದ ಮೊದಲ ಪುಟದಲ್ಲೇ ಬರೆಯಿರಿ. ಸಂಪುಟದ ಮುನ್ನುಡಿಯಲ್ಲಿ ಒಮ್ಮೆ ಬರೆದರೆ ಸಾಲದು, ಏಕೆಂದರೆ ಮುಕ್ತ ಸಂಪನ್ಮೂಲ ಬಿಡಿಬಿಡಿಯಾಗಿಯೇ ಓಡಾಡುತ್ತದೆ, ಮುನ್ನುಡಿ ಹಿಂದೆಯೇ ಉಳಿದುಬಿಡುತ್ತದೆ.

ಎರಡನೆಯದಾಗಿ, ನಲ್ಲಿಯ ಪಾಠದಲ್ಲಿ ಹುಬ್ಬಿನ ಗಾಯ, ತರಗತಿ, ವಾಲಿಬಾಲ್ ಎಲ್ಲವೂ ಇವೆ. ನಿಮ್ಮ ಊರಿನವರಿಗೆ ಆ ಮಕ್ಕಳು ಯಾರೆಂದು ತಟ್ಟನೆ ತಿಳಿಯುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂದೆ ಪಡೆಯಲಾಗದು, ಆ ಹುಡುಗಿಗೆ ಇಪ್ಪತ್ತು ವರ್ಷವಾದಾಗಲೂ ಕಥೆ ಅಲ್ಲೇ ಇರುತ್ತದೆ. ಪ್ರಸಂಗವನ್ನು ಬದಲಿಸಿ, ಅದರ ಒಡಲನ್ನು ಮಾತ್ರ ಉಳಿಸಿಕೊಳ್ಳಿ: ಕಚ್ಚಾಡುತ್ತಿದ್ದುದು ಒಂದಕ್ಕೆ, ಬೇಕಾಗಿದ್ದುದು ಇನ್ನೊಂದು.

ಇನ್ನು ಮಾತಿನ ಆಯ್ಕೆ. ಇಂಗ್ಲಿಷಿನಿಂದ ತಂದ ಪಾಠಗಳಲ್ಲಿ ನಿಲುವು (ಬಾಯಲ್ಲಿ ಕೇಳುವುದು) ಮತ್ತು ಹಿತಾಸಕ್ತಿ (ನಿಜಕ್ಕೂ ಬೇಕಿರುವುದು) ಎಂಬ ಜೋಡಿಯನ್ನು ಎಲ್ಲರೂ ಬಳಸುತ್ತಾರೆ. ಪತ್ರಿಕೆ ಓದುವ ಕನ್ನಡಿಗರಿಗೆ ಹಿತಾಸಕ್ತಿ ಎಂದೊಡನೆ ಪಟ್ಟಭದ್ರ ಎಂಬುದು ತಾನಾಗಿ ನೆನಪಾಗುತ್ತದೆ, ಅದು ಕೆಟ್ಟದ್ದೇನೋ ಎಂದು ಮಕ್ಕಳು ತಿಳಿಯುತ್ತಾರೆ. ನಾನು ಪಟ್ಟು ಮತ್ತು ಅಗತ್ಯ ಎನ್ನುತ್ತೇನೆ. ಪಟ್ಟು ಹಿಡಿಯುವುದು ಏನೆಂದು ಮೂರನೆಯ ತರಗತಿಯ ಮಗುವಿಗೂ ಗೊತ್ತು. ಹಾಗೆಯೇ ರಾಜಿ, ತೀರ್ಮಾನ, ಮಧ್ಯಸ್ಥಿಕೆ ಇವು ಮೂರೂ ಒಂದೇ ಅಲ್ಲ ಎಂಬುದಕ್ಕೆ ಒಂದು ಅವಧಿಯನ್ನೇ ಮೀಸಲಿಡಬಹುದು. ಊರಿನ ಕಟ್ಟೆಯ ಮೇಲೆ ಹಿರಿಯರು ಕೂತು ಹೇಳುವುದು ತೀರ್ಮಾನ. ಕರ್ನಾಟಕ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ 2007ರಿಂದ ನಡೆಯುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ಆಗುವುದು ಮಧ್ಯಸ್ಥಿಕೆ, ಅಲ್ಲಿ ಮಧ್ಯದಲ್ಲಿ ಕುಳಿತವರು ತೀರ್ಪು ಕೊಡುವಂತಿಲ್ಲ, ಒಪ್ಪಂದ ಎರಡೂ ಕಡೆಯವರ ಬಾಯಿಂದಲೇ ಬರಬೇಕು. 2023ರ ಮಧ್ಯಸ್ಥಿಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ಮಕ್ಕಳಿಗೆ ಮಧ್ಯಸ್ಥರ ಪಾತ್ರ ಕೊಟ್ಟರೆ ಮೊದಲ ಸಲ ಹೆಚ್ಚುಕಡಿಮೆ ಎಲ್ಲರೂ ಎದ್ದು ನಿಂತು ತೀರ್ಪನ್ನೇ ಹೇಳುತ್ತಾರೆ, ದಂಡವನ್ನೂ ಹಾಕುತ್ತಾರೆ. ಆಗ ಎರಡು ಬೆಕ್ಕುಗಳ ಬೆಣ್ಣೆಯನ್ನು ತಕ್ಕಡಿಯಲ್ಲಿ ತೂಗುತ್ತಾ ತೂಗುತ್ತಾ ತಾನೇ ತಿಂದು ಮುಗಿಸಿದ ಕೋತಿಯ ಕಥೆಯನ್ನು ಹೇಳಿ, ಆ ಕೋತಿಯನ್ನು ನೇಮಿಸಿದವರು ಯಾರು, ತಕ್ಕಡಿಯನ್ನು ಅದರ ಕೈಗೆ ಕೊಟ್ಟವರು ಯಾರು ಎಂದು ಕೇಳಿ. ಚರ್ಚೆ ಬಿಸಿಯೇರುತ್ತದೆ.

ಕನ್ನಡದ್ದೇ ಆದ ಒಂದು ಅನುಕೂಲವನ್ನೂ ನೆನಪಿಸುತ್ತೇನೆ. ನಮ್ಮಲ್ಲಿ ಕೇಳು ಎಂದರೆ ಪ್ರಶ್ನಿಸು ಎಂದೂ ಆಗುತ್ತದೆ, ಕಿವಿಗೊಡು ಎಂದೂ ಆಗುತ್ತದೆ. ಎದುರಿನವರನ್ನು ಕೇಳಿದೆಯಾ ಎಂಬ ಒಂದೇ ವಾಕ್ಯವನ್ನು ಹಲಗೆಯ ಮೇಲೆ ಬರೆದು ಎರಡೂ ಅರ್ಥದಲ್ಲಿ ಉತ್ತರಿಸಲು ಹೇಳಿದರೆ, ನಿಮ್ಮ ತಿರುಗಿ ಹೇಳುವ ಆಟಕ್ಕೆ ಅದೇ ಪ್ರವೇಶಿಕೆಯಾಗುತ್ತದೆ.

ಉತ್ತರ 3: ಪ್ರೌಢಶಾಲಾ ಶಿಕ್ಷಕರು, ಮಂಡ್ಯ ಜಿಲ್ಲೆ

ನಾನು ಮೂರು ವರ್ಷಗಳಿಂದ ಕಾವೇರಿಯನ್ನೇ ಪಾಠ ಮಾಡಿಕೊಂಡಿದ್ದೇನೆ, ಅದನ್ನೂ ನಿಮ್ಮ ಸಂಗ್ರಹಕ್ಕೆ ಸೇರಿಸಿಕೊಳ್ಳಬಹುದು. ನಮ್ಮ ಮಕ್ಕಳಿಗೆ ಇದು ಪುಸ್ತಕದ ವಿಷಯವಲ್ಲ. ಬಂದ್ ಆದ ದಿನ ಶಾಲೆಗೆ ರಜೆ, ನಾಲೆಗೆ ನೀರು ಬಿಡದ ವರ್ಷ ಮನೆಯಲ್ಲಿ ನಾಟಿಯಿಲ್ಲ. ಅದಕ್ಕೇ ಮೊದಮೊದಲು ಈ ಪಾಠಕ್ಕೆ ನಾನೇ ಹಿಂಜರಿದಿದ್ದೆ.

ತರಗತಿಯ ಅರ್ಧ ಭಾಗ ಮಂಡ್ಯದ ರೈತರು, ಇನ್ನರ್ಧ ತಂಜಾವೂರಿನ ರೈತರು. ಮೊದಲ ದಿನ 1892 ಮತ್ತು 1924ರ ಒಪ್ಪಂದಗಳು, 1990ರಲ್ಲಿ ರಚನೆಯಾದ ನ್ಯಾಯಮಂಡಳಿ, 2007ರ ಅದರ ಅಂತಿಮ ತೀರ್ಪು ಇವನ್ನು ಓದಿಸುತ್ತೇನೆ. ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ ಅಡಿ, ತಮಿಳುನಾಡಿಗೆ 419 ಟಿಎಂಸಿ ಅಡಿ ಕೊಟ್ಟಿತ್ತು, ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಅದನ್ನು 284.75 ಮತ್ತು 404.25 ಎಂದು ಬದಲಿಸಿತು. ಎರಡನೆಯ ದಿನ ಅಂಕಿಗಳನ್ನು ಬದಿಗಿಟ್ಟು ಮಳೆಯ ಕ್ಯಾಲೆಂಡರ್ ಬರೆಸುತ್ತೇನೆ. ನಮಗೆ ಜೂನ್‌ನಿಂದ ನೈರುತ್ಯ ಮುಂಗಾರು, ಅವರಿಗೆ ದೊಡ್ಡ ಮಳೆ ಅಕ್ಟೋಬರ್ ನಂತರದ ಈಶಾನ್ಯ ಮಾರುತದಿಂದ, ಅವರ ಕುರುವೈ ಎಂಬ ಅಲ್ಪಾವಧಿ ಭತ್ತದ ಬೆಳೆಗೆ ಮಾತ್ರ ಜೂನ್‌ನಲ್ಲೇ ನೀರು ಬೇಕು. ಗೋಡೆಯ ಮೇಲೆ ಎರಡೂ ಕ್ಯಾಲೆಂಡರ್‌ಗಳನ್ನು ಒಂದರ ಕೆಳಗೊಂದು ಅಂಟಿಸಿದಾಗ, ಬಿಕ್ಕಟ್ಟು ವರ್ಷದ ಯಾವ ತಿಂಗಳಲ್ಲಿ ಹುಟ್ಟುತ್ತದೆ ಎಂಬುದು ಮಕ್ಕಳಿಗೇ ಕಾಣುತ್ತದೆ. ಆಮೇಲೆ ಸಂಕಷ್ಟ ಸೂತ್ರ (ಮಳೆ ಕಡಿಮೆಯಾದ ವರ್ಷ ನೀರು ಹಂಚಿಕೊಳ್ಳುವ ಬಗೆ) ಎಂಬ ಮಾತು ಅವರಿಗೆ ಟಿವಿಯ ಘೋಷಣೆಯಾಗಿ ಕೇಳುವುದಿಲ್ಲ. ಕೊನೆಗೆ, 2003ರಲ್ಲಿ ಎರಡೂ ರಾಜ್ಯಗಳ ರೈತರು ಕಾವೇರಿ ಕುಟುಂಬ ಎಂಬ ಹೆಸರಿನಲ್ಲಿ ಸೇರಿ ಪರಸ್ಪರರ ಹೊಲಗಳಿಗೆ ಹೋಗಿ ನೋಡಿದ್ದನ್ನು ತಿಳಿಸುತ್ತೇನೆ. ಅದರಿಂದ ವಿವಾದ ಮುಗಿಯಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ.

ಹಂಚಿಕೆಯ ಬಗ್ಗೆ ಒಂದು ಅನುಭವ. ಮೊದಲು ನಾನು ಪತ್ರಿಕೆಗಳ ತುಣುಕುಗಳನ್ನು ಸ್ಕ್ಯಾನ್ ಮಾಡಿ ಪಾಠಕ್ಕೆ ಅಂಟಿಸಿದ್ದೆ, ಅವನ್ನು ಮುಕ್ತವಾಗಿ ಹಂಚುವಂತಿಲ್ಲವೆಂದು ಆಮೇಲೆ ತಿಳಿಯಿತು. ನ್ಯಾಯಾಲಯದ ತೀರ್ಪನ್ನು ಮರುಮುದ್ರಿಸಲು ಮಾತ್ರ, ನ್ಯಾಯಾಲಯವೇ ನಿಷೇಧಿಸದ ಹೊರತು, ಅದೇ 52ನೆಯ ಕಲಂ ಅವಕಾಶ ಕೊಡುತ್ತದೆ. ಈಗ ತೀರ್ಪಿನ ಭಾಗಗಳನ್ನೇ ಸರಳ ಕನ್ನಡದಲ್ಲಿ ಕೊಟ್ಟಿದ್ದೇನೆ, ಪಾಠ ಮೊದಲಿಗಿಂತ ಗಟ್ಟಿಯಾಯಿತು.

ಉತ್ತರ 4: ಕನ್ನಡ ತಂತ್ರಾಂಶ ಸ್ವಯಂಸೇವಕರು, ಮೈಸೂರು

ಎಲ್ಲಿ ಇಡಬೇಕು ಎಂಬುದಕ್ಕೆ ಮಾತ್ರ ಉತ್ತರಿಸುತ್ತೇನೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಒಂದು ವಾರದಲ್ಲಿ ಕಳೆದುಹೋಗುತ್ತದೆ, ಹುಡುಕಿದರೂ ಸಿಗುವುದಿಲ್ಲ. ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2013ರಲ್ಲಿ ಆರಂಭಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ತಾಣ ನಿಮ್ಮ ಉದ್ದೇಶಕ್ಕೆ ಹತ್ತಿರದ್ದು, ಅಲ್ಲಿ ಪುಟವನ್ನು ತಿದ್ದಬಹುದು ಮತ್ತು ಯಾರು ಏನು ತಿದ್ದಿದರೆಂಬ ಇತಿಹಾಸವೂ ಉಳಿಯುತ್ತದೆ. ಕಡತಗಳ ಒಂದು ಪ್ರತಿಯನ್ನು ಇಂಟರ್ನೆಟ್ ಆರ್ಕೈವ್‌ನಲ್ಲೂ ಇಡಿ. ಚಿಕ್ಕ ಕಥೆಗಳು ಬೇಕಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದವೂ ಇವೆ, ಅಲ್ಲಿನ ಕಥೆಗಳ ಪರವಾನಗಿ ಹೆಚ್ಚಾಗಿ ಸಿಸಿ ಬಿವೈ 4.0 (ಹೆಸರು ಹೇಳಿದರೆ ಸಾಕು ಎಂಬುದು) ಆಗಿರುವುದರಿಂದ ನಿಮ್ಮ ಪಾಠದೊಳಕ್ಕೆ ಸೇರಿಸಿಕೊಳ್ಳಲು ತೊಂದರೆಯಿಲ್ಲ.

ಪಿಡಿಎಫ್ ಒಂದನ್ನೇ ಹಾಕಬೇಡಿ, ಅದನ್ನು ಸುಲಭವಾಗಿ ತಿದ್ದಲಾಗದು. ತಿದ್ದಬಹುದಾದ ಓಡಿಟಿ ಕಡತವೂ ಜೊತೆಗಿರಲಿ. ನೀವು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪಿಸಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ಓದಿ, ತಪ್ಪುಗಳು ಉಳಿಯುವುದು ಅಲ್ಲಿಯೇ. ಯೂನಿಕೋಡ್ ಅಲ್ಲದ ಕಡತ ಬೇರೆಯವರ ಕಂಪ್ಯೂಟರಿನಲ್ಲಿ ಬರೀ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತದೆ, ಹುಡುಕಾಟದಲ್ಲೂ ಸಿಗುವುದಿಲ್ಲ.

ಇನ್ನೊಂದು ಕೋರಿಕೆ. ಪ್ರತಿ ಪಾಠದ ಕೊನೆಗೆ ಖಾಲಿ ಪುಟವೊಂದನ್ನು ಬಿಟ್ಟು, ಪಾಠ ಮಾಡಿದವರು ಯಾವ ತರಗತಿಯಲ್ಲಿ, ಎಷ್ಟು ಮಕ್ಕಳೊಡನೆ, ಎಲ್ಲಿ ಎಡವಿದರು ಎಂದು ಬರೆದು ಸೇರಿಸಲು ಕೇಳಿ. ಜಗಳ ಬಗೆಹರಿಸುವ ಪಾಠ ಗಣಿತದ ಪಾಠದಂತೆ ಎಲ್ಲ ಕಡೆಯೂ ಒಂದೇ ಉತ್ತರಕ್ಕೆ ಬಂದು ನಿಲ್ಲುವುದಿಲ್ಲ, ಆದ್ದರಿಂದ ಆ ಪುಟವೇ ಮುಂದಿನವರಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಪ್ರಶ್ನೆ ಕೇಳಿದವರಿಂದ ಮರುಬರಹ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರಶ್ನಾವಳಿಯನ್ನೂ ಕೈಪಿಡಿಯ ಅನುವಾದವನ್ನೂ ತೆಗೆದಿದ್ದೇವೆ. ಮುಖ್ಯ ಶಿಕ್ಷಕರ ಮೂಲಕ ಒಪ್ಪಿಗೆಗೆ ಪತ್ರ ಹೋಗಿದೆ. ನಲ್ಲಿಯ ಪಾಠವನ್ನು ಬೇರೆ ಪ್ರಸಂಗಕ್ಕೆ ಬದಲಿಸಿ ಬರೆದಿದ್ದೇನೆ, ಈ ಚರ್ಚೆಯ ಮೊದಲ ಬರಹದಲ್ಲಿರುವ ಗಾಯದ ವಿವರವನ್ನೂ ಅಳಿಸಬೇಕೆಂದು ನಿರ್ವಾಹಕರನ್ನು ಕೋರಿದ್ದೇನೆ. ಎಲ್ಲೆಯ ಮಾತು ಈಗ ಪ್ರತಿ ಪಾಠದ ಮೊದಲ ಪುಟದಲ್ಲಿದೆ.

ಫಾಲೆಟ್ ಅವರ ಕಿಟಕಿಯನ್ನು ಬಸ್ಸಿಗೆ ತಂದೆವು. ಒಬ್ಬರಿಗೆ ಗಾಳಿ ಬೇಕು, ಪಕ್ಕದವರಿಗೆ ಧೂಳು ಬೇಡ, ಹಾಗಾಗಿ ಮುಂದಿನ ಸೀಟಿನ ಕಿಟಕಿ ತೆರೆದರೆ ಆಯಿತು ಎಂಬುದು ನಾವು ಬರೆದಿಟ್ಟುಕೊಂಡಿದ್ದ ಉತ್ತರ. ಶನಿವಾರ ಎಂಟನೆಯ ತರಗತಿಯಲ್ಲಿ ಕುರ್ಚಿಗಳನ್ನು ಬಸ್ಸಿನಂತೆ ಜೋಡಿಸಿ ಆಡಿಸಿದೆವು, ಮಕ್ಕಳು ಬೇಗನೆ ಆ ಉತ್ತರಕ್ಕೇ ಬಂದರು. ನಾನು ಮುಗಿಯಿತೆಂದು ಹಲಗೆ ಒರೆಸಲು ತಿರುಗಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಮುಂದಿನ ಸೀಟಿನವರನ್ನು ಯಾರಾದರೂ ಕೇಳಿದಿರಾ ಟೀಚರ್ ಎಂದಳು. ಫಾಲೆಟ್ ಅವರ ಪಕ್ಕದ ಕೋಣೆಯಲ್ಲಿ ಯಾರೂ ಇರಲಿಲ್ಲ, ನಮ್ಮ ಬಸ್ಸಿನಲ್ಲಿ ಜನರಿದ್ದರು. ಇನ್ನೂ ಹತ್ತು ನಿಮಿಷ ಪಾಠ ನಡೆಯಿತು. ಅವಳ ಪ್ರಶ್ನೆಯನ್ನು ಹೆಸರಿಲ್ಲದೆ ಪಾಠದ ಕೊನೆಯ ಪುಟದಲ್ಲಿ ಮೊದಲ ಟಿಪ್ಪಣಿಯಾಗಿ ಬರೆದಿದ್ದೇವೆ, ಅದರ ಕೆಳಗೆ ಜಾಗ ಬಿಟ್ಟಿದ್ದೇವೆ.